ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಏಕೆ? ತಪ್ಪು ಕಲ್ಪನೆ ಮತ್ತು ವಾಸ್ತವ

ಬೋರನಕಣಿವೆ, ಹುಳಿಯಾರು, ತಿಪಟೂರು, ತುರುವೇಕೆರೆ ಸುತ್ತಿನ ನಮ್ಮ ತೆಂಗಿನ ಸೀಮೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಎಂದು ಗೊತ್ತಾದರೆ ಮೊದಲ ಪ್ರಶ್ನೆ ಕುಡಿತದ ಬಗ್ಗೆ. ಕುಡಿಯುತ್ತಿರಲಿಲ್ಲ ಎಂದರೆ ಮುಂದಿನ ಮಾತು ಹಣೆಬರಹ. ಈ ಎರಡು ಮಾತಿನಲ್ಲೇ ನಾವು ಬಹಳ ಕಾಲ ತೃಪ್ತರಾಗಿದ್ದೆವು. ಕಾಯಿಲೆಯ ಬೇರು ಜೀವಕೋಶದ ಒಳಗಿದೆ ನಿಜ, ಆದರೆ ಅದಕ್ಕೆ ನೀರೆರೆಯುವ ಕೆಲವು ಸಂಗತಿಗಳು ನಮ್ಮ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಹೆರಿಗೆ ವಾರ್ಡಿನಲ್ಲಿ ಇವೆ.

ತಪ್ಪು ಕಲ್ಪನೆ: ಲಿವರ್ ಕ್ಯಾನ್ಸರ್ ಕುಡುಕರ ಕಾಯಿಲೆ.

ವಾಸ್ತವ: ಕುಡಿತ ದೊಡ್ಡ ಕಾರಣವೇ, ಅದರಲ್ಲಿ ಅನುಮಾನ ಬೇಡ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆಯ ಜೊತೆಗೇ ಬರುವ ಕೊಬ್ಬಿನ ಲಿವರ್, ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ, ಇವು ಯಾವುವೂ ಬಾಟಲಿಯಿಂದ ಬರುವುದಿಲ್ಲ. ಜೀವಮಾನದಲ್ಲಿ ಒಂದು ಹನಿ ಮುಟ್ಟದವರ ಮೇಲೆ ಊರು ಹೊರಿಸುವ ಅಪವಾದ ಬರೀ ಅನ್ಯಾಯ.

ತಪ್ಪು ಕಲ್ಪನೆ: ಜೀನ್ ಕೆಟ್ಟು ಬರುವ ಕಾಯಿಲೆ ಎಂದ ಮೇಲೆ ಅದು ವಂಶದಲ್ಲೇ ಬಂದದ್ದು. ಅಣ್ಣ ತಮ್ಮ ಇಬ್ಬರಿಗೂ ಬಂತೆಂದರೆ ನಾಗದೋಷ, ಶಾಂತಿ ಮಾಡಿಸಬೇಕು.

ವಾಸ್ತವ: ಜೀನ್ ಕೆಡುವುದು ಹೌದು. ಆದರೆ ಬಹುಪಾಲು ರೋಗಿಗಳಲ್ಲಿ ಅದು ಹುಟ್ಟಿದ ಮೇಲೆ, ಲಿವರ್‌ನ ಜೀವಕೋಶಗಳಲ್ಲಿ ಮಾತ್ರ ಆದ ಕೆಡುಕು. ಅದು ಮಕ್ಕಳಿಗೆ ಇಳಿಯುವುದಿಲ್ಲ.

ಲಿವರ್ ವಿಚಿತ್ರ ಅಂಗ. ಅರ್ಧ ಕತ್ತರಿಸಿ ತೆಗೆದರೂ ಉಳಿದದ್ದು ಬೆಳೆದು ಹೆಚ್ಚುಕಡಿಮೆ ಹಳೆಯ ಗಾತ್ರಕ್ಕೆ ಬಂದು ನಿಲ್ಲುತ್ತದೆ. ಬೆಳೆಯಬೇಕು ಎಂಬ ಸಂಕೇತ ಜೀವಕೋಶದ ಹೊರಪೊರೆಗೆ ತಾಕಿ, ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿ, ಕೋಶಕೇಂದ್ರದ ಜೀನ್‌ಗಳನ್ನು ಎಬ್ಬಿಸುತ್ತದೆ. ಕೆಲಸ ಮುಗಿದಾಗ ಅವು ಸುಮ್ಮನಾಗುತ್ತವೆ. ಬೋರನಕಣಿವೆ ಜಲಾಶಯದ ಕೆಳಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬು ಎತ್ತುವುದು ಎಷ್ಟು ಮುಖ್ಯವೋ ಇಳಿಸುವುದೂ ಅಷ್ಟೇ ಮುಖ್ಯ. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು ಈ ಸಂಕೇತ ಒಯ್ಯುವವುಗಳಲ್ಲಿ ಒಂದು. ಸಂಕೇತ ಇಲ್ಲದಾಗ ಜೀವಕೋಶವೇ ಅದನ್ನು ಒಡೆದುಹಾಕುತ್ತದೆ. ಅದರ ಜೀನ್‌ನಲ್ಲಿ ಒಂದು ಅಕ್ಷರ ಬದಲಾದರೂ ಸಾಕು, ಆ ಪ್ರೋಟೀನು ಒಡೆಯದೆ ಉಳಿದು, ಯಾರೂ ಕೇಳದಿದ್ದರೂ ಬೆಳೆಯುವ ಜೀನ್‌ಗಳನ್ನು ಎಬ್ಬಿಸುತ್ತಲೇ ಇರುತ್ತದೆ. ಟರ್ಟ್ ಎಂಬ ಇನ್ನೊಂದು ಜೀನ್ ದೊಡ್ಡವರ ಲಿವರ್‌ನಲ್ಲಿ ಮಲಗಿರಬೇಕು. ಅದು ಎದ್ದರೆ ಜೀವಕೋಶ ಇಷ್ಟೇ ಸಲ ಒಡೆದು ಎರಡಾಗಬೇಕೆಂಬ ಮಿತಿ ಹೋಗುತ್ತದೆ. ಇಂಥ ಒಂದು ಕೆಡುಕಿನಿಂದ ಕ್ಯಾನ್ಸರ್ ಆಗುವುದಿಲ್ಲ. ಹಲವು ಸೇರಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು.

ಹಾಗಾದರೆ ಅಣ್ಣ ತಮ್ಮ ಇಬ್ಬರಿಗೂ ಏಕೆ? ಅನೇಕ ಸಲ ಉತ್ತರ ಹೆಪಟೈಟಿಸ್ ಬಿ. ತಾಯಿಯ ರಕ್ತದಲ್ಲಿ ಈ ವೈರಸ್ ಇದ್ದರೆ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟಬಹುದು. ಹಾಗೆ ದಾಟಿದ 10 ಮಕ್ಕಳಲ್ಲಿ ಸುಮಾರು 9 ಮಂದಿಯಲ್ಲಿ ಅದು ಕಾಯಂ ಆಗಿ ಉಳಿಯುತ್ತದೆ. ಈ ವೈರಸ್ ತನ್ನ ಡಿಎನ್‌ಎ ತುಣುಕನ್ನು ನಮ್ಮ ಡಿಎನ್‌ಎಯೊಳಗೆ ತೂರಿಸುತ್ತದೆ. ಗಡ್ಡೆಗಳನ್ನು ಪರೀಕ್ಷಿಸಿದಾಗ ಆ ತುಣುಕು ಟರ್ಟ್ ಪಕ್ಕದಲ್ಲೇ ಕೂತದ್ದು ಮತ್ತೆ ಮತ್ತೆ ಕಂಡಿದೆ. ಶಾಂತಿ ಮಾಡಿಸುವವರು ಮಾಡಿಸಲಿ. ಆದರೆ ಅದೇ ವಾರ ಮನೆಮಂದಿಯೆಲ್ಲ ರಕ್ತಪರೀಕ್ಷೆಯನ್ನೂ ಮಾಡಿಸಲಿ.

ತಪ್ಪು ಕಲ್ಪನೆ: ಕೊಬ್ಬರಿಗೆ, ಕಡಲೆಕಾಯಿಗೆ ಬೂಷ್ಟು ಬಂದರೆ ಒರೆಸಿ ಬಿಸಿಲಿಗೆ ಹಾಕಿದರೆ ಆಯಿತು. ಹುರಿದು, ಕುದಿಸಿದ ಮೇಲೆ ಇನ್ನೆಂಥ ವಿಷ?

ವಾಸ್ತವ: ಬಿಸಿಲಿಗೆ, ಬೆಂಕಿಗೆ ಬೂಷ್ಟು ಸಾಯುತ್ತದೆ. ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸಾರು ಕುದಿಯುವ ಬಿಸಿ ಅದಕ್ಕೆ ಏನೂ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಬಂದ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟು ಸತ್ತವರು ನೂರಕ್ಕೂ ಹೆಚ್ಚು.

ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಒಳಗೆ ಹೋದರೆ ಆಗುವುದು ಬೇರೆ. ವಿಷವನ್ನು ಕಳೆಯಲು ಹೊರಟ ಲಿವರ್‌ನ ಕಿಣ್ವಗಳೇ ಅಫ್ಲಾಟಾಕ್ಸಿನ್ನನ್ನು ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಎನ್‌ಎಯ ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ನಕಲಾಗುವಾಗ ಅಲ್ಲಿ ಥೈಮಿನ್ ಬಂದು ಕೂರುತ್ತದೆ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸಬೇಕಾದ ಪಿ53 ಎಂಬ ಜೀನ್‌ನ 249ನೇ ಸ್ಥಾನದಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. 1991ರಲ್ಲಿ ಚೀನಾದ ಕಿದೋಂಗ್ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗಡ್ಡೆಗಳಲ್ಲಿ ಇದೇ ಗುರುತು ಸಿಕ್ಕಿತು. ಶಾಂಘೈನ ಗಂಡಸರ ಅಧ್ಯಯನವೊಂದು ಇನ್ನೂ ಕಟುವಾದದ್ದನ್ನು ಹೇಳಿತು: ಅಫ್ಲಾಟಾಕ್ಸಿನ್ ಒಂದೇ ಇದ್ದರೆ ಅಪಾಯ ಸುಮಾರು 3 ಪಟ್ಟು, ಹೆಪಟೈಟಿಸ್ ಬಿ ಒಂದೇ ಇದ್ದರೆ 7 ಪಟ್ಟು, ಎರಡೂ ಸೇರಿದರೆ ಸುಮಾರು 60 ಪಟ್ಟು.

ಹಾಗೆಂದು ಕೊಬ್ಬರಿಯೇ ವಿಷ ಎಂಬ ಪುಕಾರು ಹಬ್ಬಿಸುವುದೂ ತಪ್ಪು. ನಮ್ಮ ಉಂಡೆ ಕೊಬ್ಬರಿ ಅಟ್ಟದ ಮೇಲೆ ಇಡೀ ಕಾಯಿಯಾಗಿ ತಿಂಗಳುಗಟ್ಟಲೆ ಒಣಗುತ್ತದೆ. ಕರಟ ಬಿರುಕು ಬಿಡದಿದ್ದರೆ ಹೊರಗಿನ ಬೂಷ್ಟಿಗೆ ಒಳಗೆ ದಾರಿಯಿಲ್ಲ. ತೊಂದರೆ ಇರುವುದು ಒಡಕು ಕಾಯಿಯಲ್ಲಿ, ಒಣಗುವ ಮೊದಲೇ ಮಳೆಗೆ ಸಿಕ್ಕ ಹೋಳಿನಲ್ಲಿ. ಕೊಬ್ಬರಿ ಒಡೆದಾಗ ಒಳಮೈಯಲ್ಲಿ ಹಳದಿ-ಹಸಿರು ಪುಡಿ ಕಂಡರೆ ಆ ಜಾಗವನ್ನಷ್ಟೇ ಕೆರೆದು ಉಳಿದದ್ದನ್ನು ಚಟ್ನಿಗೆ ಹಾಕಬಾರದು, ಪೂರ್ತಿ ಎಸೆಯಬೇಕು. ಕೌಟು ವಾಸನೆ ಬೇರೆ ವಿಷಯ, ಅದು ಎಣ್ಣೆಯಂಶ ಕೆಟ್ಟದ್ದು. ಅಫ್ಲಾಟಾಕ್ಸಿನ್ನನ್ನು ಮೂಗು, ನಾಲಿಗೆ ಪತ್ತೆ ಹಚ್ಚಲಾರವು.

ತಪ್ಪು ಕಲ್ಪನೆ: ನಾವು ತಿನ್ನದ ಬೂಷ್ಟು ಹಿಂಡಿಯನ್ನು ಹಸುವಿಗೆ ಹಾಕಿದರೆ ನಷ್ಟವಿಲ್ಲ.

ವಾಸ್ತವ: ಎಣ್ಣೆ ತೆಗೆದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಸು ತಿಂದರೆ ಅದರಲ್ಲೊಂದು ಭಾಗ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಕಾನೂನು ಹೇಳುತ್ತದೆ. ಎಸೆದೆವು ಅಂದುಕೊಂಡದ್ದು ಮಕ್ಕಳ ಲೋಟಕ್ಕೇ ವಾಪಸ್ಸು.

ತಪ್ಪು ಕಲ್ಪನೆ: ಕಾಮಾಲೆಗೆ ನಾಟಿ ಔಷಧಿ ಸಾಕು. ಕಣ್ಣಿನ ಹಳದಿ ಇಳಿದರೆ ಕಾಯಿಲೆ ಹೋಯಿತು.

ವಾಸ್ತವ: ಎಷ್ಟೋ ಕಾಮಾಲೆ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ನಾಟಿ ಔಷಧಿಯಲ್ಲಿ ಬಳಸುವ ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಲಿಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ಅದನ್ನು ಹೆಪಟೈಟಿಸ್ ಬಿ ಇದ್ದವರಿಗೆ ಕೊಟ್ಟು, 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ವರದಿ ಮಾಡಿದರು. ಈ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಆ ತಂಡದಲ್ಲಿದ್ದರು. ಆದರೆ ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಕಣ್ಣು ಬೆಳ್ಳಗಾದ ಮೇಲೂ ವೈರಸ್ ದಶಕಗಟ್ಟಲೆ ಒಳಗೇ ಕೆಲಸ ಮಾಡಬಲ್ಲದು. ಇನ್ನು ಕಾಮಾಲೆಗೆಂದು ಬರೆ ಹಾಕಿಸುವುದರಿಂದ ಸಿಗುವುದು ಸುಟ್ಟ ಗಾಯ ಮಾತ್ರ.

ತಪ್ಪು ಕಲ್ಪನೆ: ಪರೀಕ್ಷೆಗೆಂದು ಸೂಜಿ ಚುಚ್ಚಿದರೆ, ಚಾಕು ತಾಗಿದರೆ ಗಡ್ಡೆ ಹರಡುತ್ತದೆ. ಹೇಗೂ ಮದ್ದಿಲ್ಲ, ಮನೆಯಲ್ಲೇ ಇರಲಿ.

ವಾಸ್ತವ: ಸೂಜಿಯ ಭಯದಲ್ಲಿ ಎಳ್ಳಷ್ಟು ನಿಜವಿದೆ, ಅಪರೂಪಕ್ಕೆ ಸೂಜಿಯ ಜಾಡಿನಲ್ಲಿ ಜೀವಕೋಶಗಳು ಉಳಿಯಬಹುದು. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಸ್ಥಿತಿ, ಇರುವವರಲ್ಲಿ ಎಷ್ಟೋ ಸಲ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್‌ನಿಂದಲೇ ರೋಗ ಖಚಿತವಾಗುವುದರಿಂದ ಸೂಜಿಯೇ ಬೇಕಾಗುವುದಿಲ್ಲ. ಗಡ್ಡೆ ಚಿಕ್ಕದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶವಿದೆ. ಬೆಳೆದಿದ್ದರೂ, ಸಂಕೇತಗಳನ್ನೇ ತಡೆಯುವ ಸೊರಾಫೆನಿಬ್ ಎಂಬ ಗುಳಿಗೆ 2007ರಿಂದ ಇದೆ. ಆಮೇಲೆ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧವೂ ಬಳಕೆಗೆ ಬಂದಿದೆ. ಇವು ಆಯಸ್ಸು ಹೆಚ್ಚಿಸುತ್ತವೆ, ಗುಣಪಡಿಸುವುದು ಅಪರೂಪ. ಅದಕ್ಕೇ ಸಿರೋಸಿಸ್ ಇರುವವರು ಮತ್ತು ವೈದ್ಯರು ಸೂಚಿಸಿದ ಹೆಪಟೈಟಿಸ್ ಬಿ ರೋಗಿಗಳು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು.

2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆಯೂ ಔಷಧವೂ ಉಚಿತ. ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬಿತ್ತೇ ಎಂದು ನರ್ಸಮ್ಮನನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.