ಬ್ಯಾರಲ್ಲಿನ ತಳಕ್ಕೆ ನೀರು ಬಂದದ್ದೆಲ್ಲಿಂದ?

ಮಿರಗದ ಮಳೆ ಬಿದ್ದು ತೊಗರಿ ಬಿತ್ತನೆಗೆ ಹೊಲ ಹದವಾಯಿತೆಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿಗೆ ಬಿಡುವಿಲ್ಲ. ಬಂಕು ದೂರವಿರುವ ಊರಿನಲ್ಲಿ 200 ಲೀಟರಿನ ಬ್ಯಾರಲ್ ಒಂದಕ್ಕೆ ಡೀಸೆಲ್ ತುಂಬಿಸಿ ಅಂಗಳದಲ್ಲಿ ಇಟ್ಟುಕೊಳ್ಳುವುದೇ ಅನುಕೂಲ. ಒಂದೊಂದು ಪಾತ್ರೆ 1000 ಲೀಟರ್ ಮೀರದಂತೆ ಒಟ್ಟು 2500 ಲೀಟರ್‌ವರೆಗೆ ಡೀಸೆಲ್ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸೂ ಬೇಕಿಲ್ಲ. ಆದರೆ ಇಂಥ ಬ್ಯಾರಲ್ಲಿನ ಡೀಸೆಲ್ ಹಾಕಿದ ಎಂಜಿನ್ ಕೆಲವೊಮ್ಮೆ ಮಿಸ್ ಹೊಡೆದು, ಬಿಳಿ ಹೊಗೆ ಉಗುಳಿ, ಬಿತ್ತನೆಯ ನಡುವೆಯೇ ನಿಂತುಬಿಡುತ್ತದೆ. ಮೆಕ್ಯಾನಿಕ್ ಬಂದು ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿದರೆ ಮೊದಲು ಸುರಿಯುವುದು ನೀರು. ಕೂಡಲೇ ಎಲ್ಲರೂ ಬಂಕಿನವರನ್ನು ಬೈಯುತ್ತಾರೆ. ಬಹಳಷ್ಟು ಸಲ ಆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತದೆ. ನೀರು ಬಂದಿರುವುದು ನಮ್ಮದೇ ಬ್ಯಾರಲ್ಲಿನ ನೆತ್ತಿಯಿಂದ.

ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ಡೀಸೆಲ್ ಮಾನದಂಡದಲ್ಲಿ ಒಂದು ಕಿಲೋಗೆ ಹೆಚ್ಚೆಂದರೆ 200 ಮಿಲಿಗ್ರಾಂ ನೀರಿರಬಹುದು. ಒಂದು ಬ್ಯಾರಲ್ ಡೀಸೆಲ್ಲಿನ ತೂಕ ಸುಮಾರು 166 ಕಿಲೋ. ಆ ಮಿತಿ ಪೂರ್ತಿ ತುಂಬಿದ್ದರೂ ಅದರಲ್ಲಿರುವ ನೀರು 33 ಗ್ರಾಂ, ಹೋಟೆಲಿನ ಅರ್ಧ ಕಪ್ ಚಹಾದಷ್ಟು. ತಳದಲ್ಲಿ ಒಂದೆರಡು ಲೀಟರ್ ನೀರು ಸಿಕ್ಕರೆ ಅದು ಡೀಸೆಲ್ಲಿನಲ್ಲಿ ಬೆರೆತು ಬಂದದ್ದಲ್ಲ. ಬಂಕಿನ ನೆಲದಡಿಯ ಟ್ಯಾಂಕಿಗೆ ಮಳೆಗಾಲದಲ್ಲಿ ನೀರು ಇಳಿದಿರಬಾರದೇಕೆ ಎಂದು ಕೇಳಬಹುದು. ಇಳಿಯಬಹುದು, ಅದಕ್ಕೆಂದೇ ಅಳತೆ ಕೋಲಿಗೆ ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ಟ್ಯಾಂಕ್ ನೋಡುವ ಪದ್ಧತಿಯಿದೆ. ಅನುಮಾನವಿದ್ದವರು ತುಂಬಿಸುವಾಗಲೇ ಒಂದು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಟ್ಟು ನೋಡಿದರಾಯಿತು. ಹದಿನೈದು ದಿನ ಬಿಟ್ಟು ಜಗಳಕ್ಕೆ ಹೋದರೆ ಸಾಬೀತು ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾರಲ್ ಒಳಗಿನ ಗಾಳಿ ರಾತ್ರಿ ತಂಪಾಗಿ ಬೆವರಿಳಿಯುತ್ತದೆ ಎಂಬುದು ಇನ್ನೊಂದು ವಾದ. ಅದೂ ನಿಜ. ಆದರೆ ಅರ್ಧ ಖಾಲಿಯಾದ ಬ್ಯಾರಲ್ಲಿನ 100 ಲೀಟರ್ ಗಾಳಿಯಲ್ಲಿ, ಮಳೆಗಾಲದ 30 ಡಿಗ್ರಿಯಲ್ಲೂ, ಇರುವ ತೇವ ಹೆಚ್ಚೆಂದರೆ 3 ಗ್ರಾಂ. ಅಷ್ಟರಿಂದ ಲೀಟರ್ ಆಗಲು ತಿಂಗಳುಗಟ್ಟಲೆ ಕಾದರೂ ಸಾಲದು.

ಉಳಿಯುವುದು ನೆತ್ತಿ. ನಿಲ್ಲಿಸಿಟ್ಟ ಬ್ಯಾರಲ್ಲಿನ ಮೇಲೆ ಸುತ್ತ ಅಂಚಿರುತ್ತದೆ. ಮಳೆ ಬಂದರೆ ಅದರೊಳಗೆ ಒಂದೆರಡು ಲೀಟರ್ ನೀರು ನಿಲ್ಲುತ್ತದೆ, ತಿರುಪಿನ ಮುಚ್ಚಳಗಳು ಆ ನೀರಿನಡಿ ಮುಳುಗಿರುತ್ತವೆ. ಕಲಬುರಗಿ ಸೀಮೆಯ ಬಿಸಿಲಿಗೆ ಮಧ್ಯಾಹ್ನ ಬ್ಯಾರಲ್ 55 ಡಿಗ್ರಿಗೆ ಕಾದಿತ್ತೆನ್ನಿ, ಸಂಜೆ ಗುಡುಗಿನ ಮಳೆ ಸುರಿದು 25ಕ್ಕೆ ಇಳಿಯಿತು. ಒಳಗಿನ 100 ಲೀಟರ್ ಗಾಳಿ ಸುಮಾರು 9 ಲೀಟರಿನಷ್ಟು ಕುಗ್ಗುತ್ತದೆ. ತಗಡು ಒಳಕ್ಕೆ ಬಾಗಿ ಸ್ವಲ್ಪ ತುಂಬಿಕೊಟ್ಟೀತು, ಉಳಿದದ್ದಕ್ಕೆ ಹೊರಗಿನಿಂದ ಏನಾದರೂ ಬರಲೇಬೇಕು. ವಾಷರ್ ಸವೆದಿದ್ದರೆ ಗಾಳಿಯ ಬದಲು ಒಳಗೆ ಹೋಗುವುದು ಮೇಲೆ ನಿಂತ ನೀರೇ. ಮಳೆ ಕಡಿಮೆಯ ಸೀಮೆ ನಮ್ಮದು ಎಂಬ ಸಮಾಧಾನ ಇಲ್ಲಿ ನಡೆಯದು. ಕಾದ ತಗಡಿನ ಮೇಲೆ ಬೀಳುವ ಮೊದಲ ಮಳೆಯೇ ಹೆಚ್ಚು ಹೀರಿಸುತ್ತದೆ, ಬಿತ್ತನೆಗೆಂದು ಬ್ಯಾರಲ್ ತುಂಬಿಸಿ ತೆಗೆದು ಮಾಡುವ ಹೊತ್ತೂ ಅದೇ. (2020ರ ಅಕ್ಟೋಬರಿನಲ್ಲಿ ಆದಂತೆ ಭೀಮಾ ನದಿಯೇ ಊರೊಳಗೆ ಬಂದರೆ ಆ ಮಾತು ಬೇರೆ.) ಆದ್ದರಿಂದ ಬ್ಯಾರಲ್ ನೆರಳಿನಲ್ಲಿರಬೇಕು, ಮೇಲೆ ತಗಡಿನ ಮರೆ ಬೇಕು. ಮರೆಯಿಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಮುಚ್ಚಳ ಒಳಗಿನ ಡೀಸೆಲ್ ಮಟ್ಟಕ್ಕಿಂತ ಕೆಳಗೆ ಬರುವಂತೆ ಹೊರಳಿಸಿ ಇಡಬೇಕು.

ಈಗಾಗಲೇ ಸೇರಿದ ನೀರನ್ನು ತೆಗೆಯುವುದು ಕಷ್ಟವೇನಲ್ಲ, ಏಕೆಂದರೆ ಡೀಸೆಲ್ ಹಗುರ, ನೀರು ತಾನಾಗಿ ತಳಕ್ಕಿಳಿಯುತ್ತದೆ. ಬ್ಯಾರಲ್ಲಿನ ಒಂದು ಬದಿಗೆ ಇಟ್ಟಿಗೆ ಚೂರು ಕೊಟ್ಟು ವಾಲಿಸಿ, ಒಂದು ದಿನ ಅಲುಗಾಡಿಸದೆ ಬಿಡಬೇಕು. ಆಮೇಲೆ ಕೈಪಂಪಿನ ಪೈಪನ್ನು ತಗ್ಗಾದ ಬದಿಯ ತಳಕ್ಕೆ ಮುಟ್ಟಿಸಿ ನಿಧಾನವಾಗಿ ಎಳೆದು, ಗಾಜಿನ ಬಾಟಲಿಗೆ ಹಿಡಿಯುತ್ತಾ ಹೋಗಬೇಕು: ಮೊದಲು ನೀರು, ಆಮೇಲೆ ಮಸುಕಾದ ಪದರ, ಕೊನೆಗೆ ತಿಳಿ ಡೀಸೆಲ್. ತಿಳಿಯಾದದ್ದು ಬರುವವರೆಗೂ ಬಿಡಬಾರದು. ಪದರದ ನಡುವೆ ಕಪ್ಪನೆಯ ಲೋಳೆ ಕಂಡರೆ ಅಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಮನೆ ಮಾಡಿವೆ ಎಂದರ್ಥ. ಆಗ ಬ್ಯಾರಲ್ ಪೂರ್ತಿ ಖಾಲಿ ಮಾಡಿ ತೊಳೆಯದೆ ಗತಿಯಿಲ್ಲ.

ಇಷ್ಟೆಲ್ಲ ಏಕೆ, ನೀರು ಕರಗಿಸುವ ಔಷಧದ ಬಾಟಲಿ ಸುರಿದರೆ ಸಾಲದೇ ಎನ್ನುವವರಿದ್ದಾರೆ. ಅಂಥವುಗಳಲ್ಲಿ ಆಲ್ಕೋಹಾಲ್ ಇರುವ ಬಗೆ ನೀರನ್ನು ಹೊರಹಾಕುವುದಿಲ್ಲ, ಡೀಸೆಲ್ಲಿಗೆ ಬೆರೆಸಿ ಫಿಲ್ಟರ್ ದಾಟಿಸುತ್ತದೆ. ಹನಿಗಳಷ್ಟಿದ್ದರೆ ನಡೆದೀತು, ಲೀಟರುಗಟ್ಟಲೆ ಇದ್ದರೆ ನೋಜಲ್‌ಗೇ ಏಟು. ಹಳೆಯ ಗಾಡಿ ಇದನ್ನೆಲ್ಲ ತಡೆದುಕೊಂಡಿತ್ತು ಎಂಬ ಮಾತಿನಲ್ಲಿ ಹುರುಳಿದೆ, ಹಳೆಯ ಪಂಪುಗಳು ಗಟ್ಟಿಯವೇ. ಆದರೆ 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಅವುಗಳಲ್ಲಿ ಅತಿ ಒತ್ತಡದ ಕಾಮನ್ ರೈಲ್ ಇಂಜೆಕ್ಟರುಗಳು ಬಂದಿವೆ. ಅವುಗಳ ಒಳಭಾಗ ಬಹಳ ಸೂಕ್ಷ್ಮ, ಅಲ್ಲಿ ಜಾರಿಕೆ ಕೊಡುವುದು ಡೀಸೆಲ್ಲಿನದೇ ಜಿಡ್ಡು, ನೀರು ಬಂದ ಕಡೆ ಆ ಜಿಡ್ಡು ಇರುವುದಿಲ್ಲ.