ಹೊಸ್ತಿಲಿನ ಪರೀಕ್ಷೆ: ಗುಜರಾತಿನ ಕಥನ ಸಾಹಿತ್ಯದಲ್ಲಿ ವಿಶ್ವನಾಗರಿಕತೆ

1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಇಬ್ಬರು ಕವಿಗಳು ಹಂಚಿಕೊಂಡರು. ಒಬ್ಬರು ನಮ್ಮ ಕುವೆಂಪು. ಇನ್ನೊಬ್ಬರು ಗುಜರಾತಿಯ ಉಮಾಶಂಕರ ಜೋಶಿ. ಆ ಹಂಚಿಕೆಯಲ್ಲಿ ಒಂದು ಔಚಿತ್ಯವಿತ್ತು. ‘ವಿಶ್ವಮಾನವ’ ಎಂಬ ಆದರ್ಶವನ್ನು ಕುವೆಂಪು ಕನ್ನಡಕ್ಕೆ ಕೊಟ್ಟರು. ಉಮಾಶಂಕರರು ಇಪ್ಪತ್ತರ ಹರೆಯದಲ್ಲಿ, 1931ರಲ್ಲಿ, ‘ವಿಶ್ವಶಾಂತಿ’ ಎಂಬ ಕಾವ್ಯದಿಂದ ಕವಿಯೆನಿಸಿದರು. ಮುಂದೆ ಅವರು ‘ಸಂಸ್ಕೃತಿ’ ಪತ್ರಿಕೆಯ ಮೂಲಕ ದಶಕಗಳ ಕಾಲ ಹೊರಜಗತ್ತಿನ ವಿಚಾರಗಳನ್ನು ಗುಜರಾತಿ ಓದುಗರಿಗೆ ತಲುಪಿಸಿದರು. ಇಬ್ಬರ ನಿಲುವೂ ಒಂದೇ: ಸ್ವಂತ ಭಾಷೆಯಲ್ಲಿ ಬೇರೂರಿದವನು ಲೋಕಕ್ಕೆ ಅನ್ಯನಾಗಬೇಕಾಗಿಲ್ಲ.

ಕಾವ್ಯವು ಈ ಆದರ್ಶವನ್ನು ಸಾರಬಲ್ಲದು. ಕಥೆ, ಕಾದಂಬರಿಗಳು ಅದನ್ನು ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಪಾತ್ರಗಳಿಗೆ ಮನೆ ಬೇಕು, ನೆರೆಹೊರೆ ಬೇಕು, ಜೀವನೋಪಾಯ ಬೇಕು. ‘ಲೋಕವೆಲ್ಲ ನನ್ನದು’ ಎನ್ನುವ ಮನುಷ್ಯ ಪಕ್ಕದ ಮನೆಯವನನ್ನು ಒಳಗೆ ಕರೆಯುವನೇ ಎಂಬ ಪ್ರಶ್ನೆ ಅಲ್ಲಿ ತಪ್ಪುವುದಿಲ್ಲ. ತನ್ನ ಊರು ಯಾವುದೆಂದು ಕೇಳಿದಾಗ ಗ್ರೀಸಿನ ಡಯೋಜಿನಿಸ್ ತಾನು ವಿಶ್ವದ ಪ್ರಜೆ ಎಂದನಂತೆ. ವಿಶ್ವನಾಗರಿಕತೆಯೆಂಬ ಕಲ್ಪನೆಗೆ ಆ ಉತ್ತರವನ್ನೇ ಮೂಲವೆಂದು ಹೇಳುವುದುಂಟು. ಆದರೆ ವಿಶ್ವದ ಪ್ರಜೆಗೂ ರಾತ್ರಿ ತಂಗಲು ಒಂದು ಸೂರು ಬೇಕು. ಈ ತೊಡಕನ್ನು ಸೂರತ್, ವಡೋದರ, ಅಹಮದಾಬಾದ್ ನಗರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಸೂರತ್. ಮೊಗಲರ ಕಾಲದಲ್ಲಿ ಅದು ಹಜ್ ಯಾತ್ರಿಕರ ಬಂದರು, ಪಶ್ಚಿಮ ಕರಾವಳಿಯ ದೊಡ್ಡ ಪೇಟೆ. 17ನೆಯ ಶತಮಾನದ ಆದಿಯಲ್ಲಿಯೇ ಇಂಗ್ಲಿಷರೂ ಡಚ್ಚರೂ ಅಲ್ಲಿ ಕೋಠಿಗಳನ್ನು ತೆರೆದರು. ಅರ್ಮೇನಿಯನ್ನರು, ಪಾರ್ಸಿಗಳು, ಬೋಹ್ರಾಗಳು, ಜೈನ ಶ್ರೇಷ್ಠಿಗಳು ಒಂದೇ ಪೇಟೆಯಲ್ಲಿ ವ್ಯವಹರಿಸಿದರು. ಗುಜರಾತಿಯ ಮೊದಲ ಸ್ವತಂತ್ರ ಕಾದಂಬರಿಯೆಂದು ಸಾಮಾನ್ಯವಾಗಿ ಗಣಿಸಲಾಗುವ ‘ಕರಣ ಘೇಲೊ’ (1866) ಈ ಊರಿನ ನಂದಶಂಕರ ಮೆಹ್ತಾ ಅವರದು. ಇಂಗ್ಲಿಷ್ ಐತಿಹಾಸಿಕ ಕಾದಂಬರಿಯ ಮಾದರಿಯನ್ನು ಗುಜರಾತಿಗೆ ತರಬೇಕೆಂದು ಅವರನ್ನು ಪ್ರೇರೇಪಿಸಿದವನು ಬ್ರಿಟಿಷ್ ಶಿಕ್ಷಣಾಧಿಕಾರಿ. ವಸ್ತುವಾದರೋ ಗುಜರಾತಿನ ಕೊನೆಯ ರಜಪೂತ ಅರಸನ ಪತನ. ಪರದೇಶದ ರೂಪದಲ್ಲಿ ಸ್ವದೇಶದ ನೋವು: ಗುಜರಾತಿ ಕಾದಂಬರಿ ಹುಟ್ಟಿದ್ದೇ ಹೀಗೆ.

ಬಂದರಿನ ಉದಾರತೆ ಜಗಲಿಯ ಉದಾರತೆ. ಹೊರಗಿನವನನ್ನು ಕೂರಿಸಿ, ಮಾತನಾಡಿಸಿ, ಲೆಕ್ಕ ಚುಕ್ತಾ ಮಾಡಿ ಕಳುಹಿಸುವಷ್ಟು ಸ್ನೇಹ ಅಲ್ಲಿದೆ. ಒಳಮನೆಯ ಮಾತು ಬೇರೆ. ವಜ್ರ ಮತ್ತು ಜವಳಿ ಉದ್ಯಮಗಳ ಇಂದಿನ ಸೂರತ್ತಿಗೆ ಸೌರಾಷ್ಟ್ರದಿಂದಲೂ ದೂರದ ಒಡಿಶಾದಿಂದಲೂ ದುಡಿಯುವವರು ಬಂದಿದ್ದಾರೆ. ಇಂಥ ನಗರದಲ್ಲಿ ಹುಟ್ಟಿ, ಅಲ್ಲಿಯೇ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಹಿಮಾಂಶಿ ಶೇಲತ್ ಅವರ ‘ಅಂಧಾರೀ ಗಲೀಮಾಂ ಸಫೇದ ಟಪಕಾಂ’ ಕಥಾಸಂಕಲನಕ್ಕೆ 1996ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ‘ಕತ್ತಲ ಗಲ್ಲಿಯಲ್ಲಿ ಬಿಳಿಯ ಚುಕ್ಕೆಗಳು’ ಎಂದು ಶೀರ್ಷಿಕೆಯ ಅರ್ಥ. ಪೇಟೆಯ ಲೆಕ್ಕಪುಸ್ತಕದಲ್ಲಿ ಹೆಸರಿಲ್ಲದವರತ್ತ ನೋಡುವುದು ಅವರ ಕಥೆಗಳ ಸ್ವಭಾವ. ನಗರವು ಎಷ್ಟು ದೇಶಗಳೊಡನೆ ವ್ಯಾಪಾರ ಮಾಡುತ್ತದೆ ಎಂಬುದಕ್ಕಿಂತ, ತನ್ನದೇ ಗಲ್ಲಿಗಳಲ್ಲಿ ಯಾರನ್ನು ಕಾಣದೆ ಉಳಿಯುತ್ತದೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ.

ವಡೋದರದ ಉದಾರತೆಗೆ ಮೂಲ ವಿದ್ಯೆ. 1875ರಿಂದ 1939ರವರೆಗೆ ಆಳಿದ ಮೂರನೆಯ ಸಯಾಜಿರಾವ್ ಗಾಯಕವಾಡರು ಗ್ರಂಥಾಲಯಗಳನ್ನೂ ಶಾಲೆಗಳನ್ನೂ ಕಟ್ಟಿದರು. ಪ್ರತಿಭಾವಂತರನ್ನು ವಿದೇಶಕ್ಕೆ ಕಳುಹಿಸಿದರು. ಅವರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರಲ್ಲಿ ಭೀಮರಾವ್ ಅಂಬೇಡ್ಕರ್ ಒಬ್ಬರು. ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಸಂಸ್ಥಾನದ ಸೇವೆಗೆ ಬಂದಾಗ ಅವರಿಗೆ ವಡೋದರದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ಕೆಲವು ದಿನ ಇದ್ದರು. ಗುಟ್ಟು ತಿಳಿದಾಗ ಕೋಲು ಹಿಡಿದವರ ಗುಂಪು ಬಂದು ಅಲ್ಲಿಂದಲೂ ಹೊರಡಿಸಿತು. ಇಬ್ಬರು ಸ್ನೇಹಿತರು, ಒಬ್ಬ ಹಿಂದೂ, ಇನ್ನೊಬ್ಬ ಕ್ರೈಸ್ತ, ತಮ್ಮ ಮನೆಯ ಅಡಚಣೆ ಹೇಳಿದರು. ನಗರದ ಉದ್ಯಾನದಲ್ಲಿ ಹೊತ್ತು ಕಳೆದು ಅವರು ಮುಂಬಯಿಗೆ ಮರಳಿದರು. ಇದನ್ನು ಅವರೇ ಆತ್ಮಕಥನದ ರೂಪದಲ್ಲಿ ಬರೆದಿಟ್ಟಿದ್ದಾರೆ.

ಇದು ಕಾದಂಬರಿಯಲ್ಲ, ಆದರೆ ವಿಶ್ವನಾಗರಿಕತೆಯನ್ನು ಕುರಿತ ಯಾವ ಕಾದಂಬರಿಯೂ ಇದನ್ನು ಮರೆಯುವಂತಿಲ್ಲ. ಅರಮನೆ ಲೋಕದ ಬಾಗಿಲು ತೆರೆಯಿತು. ಊರು ಮನೆಯ ಬಾಗಿಲು ಮುಚ್ಚಿತು. ಎರಡು ಖಂಡಗಳನ್ನು ದಾಟಿದವರಿಗೆ ಒಂದು ಹೊಸ್ತಿಲನ್ನು ದಾಟಲಾಗಲಿಲ್ಲ.

ಇದೇ ನಗರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ (ಸ್ಥಾಪನೆ 1949) ಗುಜರಾತಿ ಪ್ರಾಧ್ಯಾಪಕರಾಗಿದ್ದ ಸುರೇಶ ಜೋಶಿ ಅವರ ಮೊದಲ ಕಥಾಸಂಕಲನದ ಹೆಸರು ‘ಗೃಹಪ್ರವೇಶ’ (1957). ಘಟನೆಯನ್ನು ಹಿಂದಕ್ಕೆ ಸರಿಸಿ, ಪ್ರಜ್ಞೆಯ ಏರಿಳಿತಗಳನ್ನು ಮುಂದೆ ತಂದ ಈ ಕಥೆಗಳಿಂದ ಗುಜರಾತಿಯ ಆಧುನಿಕ ಕಥನ ಆರಂಭವಾಯಿತೆಂದು ವಿಮರ್ಶಕರು ಹೇಳುತ್ತಾರೆ. ಯುರೋಪಿನ ಸಾಹಿತ್ಯವನ್ನು ಅವರು ತಮ್ಮದೆಂಬಂತೆ ಓದಿದರು, ಅನುವಾದಿಸಿದರು, ‘ಕ್ಷಿತಿಜ’ ಪತ್ರಿಕೆಯಲ್ಲಿ ಪರಿಚಯಿಸಿದರು. ಕನ್ನಡದಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಕೃತಿಗಳ ನವ್ಯ ಸಂವೇದನೆಯನ್ನು ಬಲ್ಲವರಿಗೆ ಈ ಮಾರ್ಗ ಅಪರಿಚಿತವಲ್ಲ. ಇದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಬಹುಕಾಲದ ನಂತರ ಧಾರವಾಡದಲ್ಲಿ ನೆಲೆಸಿದ ಗಣೇಶ ದೇವಿಯವರು ಈ ಮಾರ್ಗಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಿದರು. 1992ರಲ್ಲಿ ಪ್ರಕಟವಾದ ತಮ್ಮ ವಿಮರ್ಶಾಗ್ರಂಥದಲ್ಲಿ ದೇಶಭಾಷೆಗಳ ಪರಂಪರೆಯನ್ನು ನಾವು ಮರೆತ ಬಗೆಯನ್ನು ಚರ್ಚಿಸಿದ ಅವರು, 1996ರಲ್ಲಿ ವಡೋದರದಲ್ಲಿ ‘ಭಾಷಾ’ ಸಂಸ್ಥೆಯನ್ನು ಸ್ಥಾಪಿಸಿ ಆದಿವಾಸಿ ನುಡಿಗಳ ಕಡೆಗೆ ತಿರುಗಿದರು. ವಿಶ್ವವೆಂದರೆ ಯುರೋಪು ಮಾತ್ರವಲ್ಲ, ಕೆಲವೇ ಹರದಾರಿ ದೂರದ ಆದಿವಾಸಿ ಹಳ್ಳಿಯೂ ಹೌದು ಎಂಬುದು ಅದರ ತಾತ್ಪರ್ಯ.

ಅಹಮದಾಬಾದಿನ ಸ್ವರೂಪ ಇನ್ನೂ ಜಟಿಲ. 1411ರಲ್ಲಿ ಸುಲ್ತಾನ ಅಹಮದ್ ಷಾ ಕಟ್ಟಿದ ಈ ಕೋಟೆನಗರವು 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಒಳರಚನೆಯ ಘಟಕ ‘ಪೋಳ’: ಒಂದು ಸಮುದಾಯದ ಮನೆಗಳು ಒತ್ತಾಗಿ ನಿಂತ ಕೇರಿ. ಅದಕ್ಕೊಂದು ದೊಡ್ಡ ಬಾಗಿಲು, ಹಕ್ಕಿಗಳಿಗೆ ಕಾಳು ಚೆಲ್ಲುವ ಕಂಬದ ಮೇಲಿನ ಗೂಡು. ಹಕ್ಕಿಗೆ ಎಲ್ಲಿಂದ ಬಂದೆಯೆಂದು ಯಾರೂ ಕೇಳುವುದಿಲ್ಲ. ಬಾಗಿಲು ಮಾತ್ರ ಕೇಳುತ್ತದೆ. ಆತ್ಮೀಯತೆಯೂ ಪ್ರತ್ಯೇಕತೆಯೂ ಒಂದೇ ಗೋಡೆಯ ಎರಡು ಮುಖಗಳು.

ಈ ನಗರದ ಎಸ್ತರ್ ಡೇವಿಡ್ ಇಂಗ್ಲಿಷಿನಲ್ಲಿ ಬರೆದ ಮೊದಲ ಕಾದಂಬರಿ ‘ದಿ ವಾಲ್ಡ್ ಸಿಟಿ’ (1997). ಬೆನೆ ಇಸ್ರೇಲ್ ಯಹೂದಿ ಕುಟುಂಬವೊಂದರ ಮೂರು ತಲೆಮಾರಿನ ಸ್ತ್ರೀಯರ ಕಥೆ ಅದು. ಖಮಾಸಾ ಬಡಾವಣೆಯಲ್ಲಿ 1934ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರದ ಸುತ್ತ ಉಳಿದುಕೊಂಡಿರುವ ಈ ಸಮುದಾಯ ಅತಿ ಸಣ್ಣದು. ದೊಡ್ಡ ಸಮುದಾಯಕ್ಕೆ ಸಹಬಾಳ್ವೆಯೆಂಬುದು ಒಂದು ತತ್ತ್ವವಾಗಿರಬಹುದು. ಇಷ್ಟು ಸಣ್ಣ ಸಮುದಾಯಕ್ಕೆ ಅದು ದಿನದಿನದ ಬದುಕು. ಶೀರ್ಷಿಕೆಯ ಗೋಡೆ ನಗರದ್ದೂ ಹೌದು, ಮನೆತನದ್ದೂ ಹೌದು. ಇದೇ ಲೇಖಕಿಗೆ 2010ರಲ್ಲಿ ‘ಬುಕ್ ಆಫ್ ರೇಚಲ್’ ಕೃತಿಗಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಅಹಮದಾಬಾದು 1969, 1985, 2002ರಲ್ಲಿ ಭೀಕರ ಕೋಮುಹಿಂಸೆಯನ್ನು ಕಂಡಿತು. ದಖ್ಖನಿನಲ್ಲಿ ಹುಟ್ಟಿ, ಗುಜರಾತನ್ನು ಪ್ರೀತಿಸಿ, 18ನೆಯ ಶತಮಾನದ ಆರಂಭದಲ್ಲಿ ಅಲ್ಲಿಯೇ ಮಣ್ಣಾದ ಉರ್ದು ಕವಿ ವಲಿಯ ಗೋರಿ 2002ರಲ್ಲಿ ನೆಲಸಮವಾಯಿತು. ಆ ಸ್ಥಳದ ಮೇಲೆ ರಸ್ತೆಯನ್ನು ಹಾಸಲಾಯಿತು. ವ್ಯಾಪಾರ, ವಿದ್ಯೆ, ಪುರಾತನತೆಗಳು ಇದ್ದ ಮಾತ್ರಕ್ಕೆ ನಗರವು ವಿಶ್ವಕ್ಕೆ ತೆರೆದುಕೊಂಡಿದೆಯೆಂದು ಭಾವಿಸುವುದು ಅಪಾಯಕರ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ.

ಈಗ ಅಹಮದಾಬಾದು ಮತ್ತು ವಡೋದರಗಳ ನಡುವಿನ ಒಂದು ನಿಲ್ದಾಣಕ್ಕೆ ಬರಬೇಕು. ಅದು ಆನಂದ್. ಅದಕ್ಕೆ ಹೊಂದಿಕೊಂಡಿರುವುದು ವಲ್ಲಭ ವಿದ್ಯಾನಗರ. ಎಸ್.ಎಲ್. ಭೈರಪ್ಪನವರು 1960ರ ದಶಕದಲ್ಲಿ ಅಲ್ಲಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಅವರ ಸೌಂದರ್ಯಮೀಮಾಂಸೆಯ ಸಂಶೋಧನೆಗೆ ಪಿಎಚ್.ಡಿ. ಕೊಟ್ಟದ್ದು ವಡೋದರದ ವಿಶ್ವವಿದ್ಯಾಲಯ. ಆ ಅವಧಿಯಲ್ಲಿ, 1965ರಲ್ಲಿ, ಪ್ರಕಟವಾದ ‘ವಂಶವೃಕ್ಷ’ದ ಕ್ಷೇತ್ರ ನಂಜನಗೂಡು, ಮೈಸೂರು. ಅದೇ ಆನಂದ್‌ನಲ್ಲಿ ಅಧ್ಯಾಪಕರಾಗಿದ್ದ ಜೋಸೆಫ್ ಮ್ಯಾಕ್ವಾನ್ (1935–2010) 1986ರಲ್ಲಿ ‘ಆಂಗಳಿಯಾತ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಗುಜರಾತಿ ದಲಿತ ಸಾಹಿತ್ಯದ ಈ ಪ್ರಮುಖ ಕೃತಿಗೆ 1989ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ತಾಯಿ ಮರುಮದುವೆಯಾಗಿ ಹೋಗುವಾಗ ಅವಳ ಬೆರಳು ಹಿಡಿದು ಹೊಸ ಮನೆಗೆ ನಡೆದು ಬರುವ ಮಗುವಿಗೆ ಆ ಸೀಮೆಯ ಮಾತಿನಲ್ಲಿ ‘ಆಂಗಳಿಯಾತ’ ಎನ್ನುತ್ತಾರೆ.

ಇವೆರಡನ್ನು ಜೊತೆಗಿಟ್ಟು ಓದಿದಾಗ ಒಂದು ಸಂಗತಿ ಹೊಳೆಯುತ್ತದೆ. ‘ವಂಶವೃಕ್ಷ’ದ ಕಾತ್ಯಾಯನಿ ವಿಧವೆ, ಮರುಮದುವೆಯಾಗುತ್ತಾಳೆ, ಮಗನನ್ನು ಕರೆದೊಯ್ಯಲು ಬಂದು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ವಂಶದ ಕುಡಿಯೆಂದು ಮಗು ಶ್ರೋತ್ರಿಗಳ ಮನೆಯಲ್ಲಿಯೇ ಉಳಿಯುತ್ತದೆ. ಆದರೆ ಶ್ರೀನಿವಾಸ ಶ್ರೋತ್ರಿಗಳಿಗೆ ತಾವೇ ಆ ವಂಶದ ಬೀಜದಿಂದ ಹುಟ್ಟಿದವರಲ್ಲವೆಂದು ಕೊನೆಗೆ ತಿಳಿಯುತ್ತದೆ. ಒಂದು ಕೃತಿಯಲ್ಲಿ ಮಗು ತಾಯಿಯ ಬೆರಳನ್ನು ಹಿಡಿಯಲಾರದು. ಇನ್ನೊಂದರಲ್ಲಿ ಹಿಡಿದು ನಡೆದರೂ ಹೊಸ ಮನೆಯಲ್ಲಿ ಹೊರಗಿನದೇ ಆಗಿ ಉಳಿಯುವ ಭಯ. ಮ್ಯಾಕ್ವಾನರು ಈ ಪದವನ್ನು ಇನ್ನೂ ಹಿಗ್ಗಿಸುತ್ತಾರೆ. ಹೆಣ್ಣುಮಗಳೊಬ್ಬಳ ಮಾನಕ್ಕಾಗಿ ಮೇಲುಜಾತಿಯವರ ಎದುರು ನಿಂತ ನೇಕಾರ ಟೀಹೊ, ಅವನ ಸಮುದಾಯ, ಎಲ್ಲರೂ ದೇಶವೆಂಬ ಮನೆಗೆ ಬೆರಳು ಹಿಡಿದು ಬಂದ ಮಕ್ಕಳೇ. ಊರಿಗೆಲ್ಲ ಬಟ್ಟೆ ನೇಯ್ದವರಿಗೆ ಊರಿನಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ.

ಎರಡು ಕೃತಿಗಳ ಧೋರಣೆಗಳು ಭಿನ್ನ. ಅವುಗಳನ್ನು ಒಂದಾಗಿಸುವ ಅಗತ್ಯವಿಲ್ಲ. ಎರಡರಲ್ಲಿಯೂ ಪ್ರಶ್ನೆ ಒಂದೇ: ಮನೆ ಯಾರದು? ಈ ಪ್ರಶ್ನೆಯನ್ನು ಕೇಳದ ಬರವಣಿಗೆ, ಅದರ ಪಾತ್ರಗಳು ಹತ್ತು ದೇಶ ಸುತ್ತಿದರೂ, ವಿಶ್ವನಾಗರಿಕತೆಯ ಹೊರಗೆ ಉಳಿಯುತ್ತದೆ. ಕೇಳುವ ಬರವಣಿಗೆ ಒಂದು ಹಳ್ಳಿಯನ್ನು ಬಿಟ್ಟು ಕದಲದಿದ್ದರೂ ಅದರ ಒಳಗಿರುತ್ತದೆ.

ಕನ್ನಡ ವಿಭಾಗಗಳಲ್ಲಿ ತೌಲನಿಕ ಅಧ್ಯಯನವೆಂದರೆ ಬಹುಮಟ್ಟಿಗೆ ಇಂಗ್ಲಿಷಿನ ಜೊತೆಗಿನ ಹೋಲಿಕೆಯಾಗಿಯೇ ಬಂದಿದೆ. ಕುವೆಂಪು ಅವರೊಡನೆ ಒಂದೇ ವೇದಿಕೆಯ ಗೌರವವನ್ನು ಹಂಚಿಕೊಂಡ ಭಾಷೆಯ ಕಥೆಗಾರರಲ್ಲಿ ಎಷ್ಟು ಮಂದಿಯನ್ನು ನಾವು ಓದಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಸಂಕೋಚ ತರುತ್ತದೆ. ವಿಶ್ವಮಾನವನ ನಾಡಿನವರಾದ ನಮಗೂ ಹೊಸ್ತಿಲಿನ ಪರೀಕ್ಷೆ ತಪ್ಪಿದ್ದಲ್ಲ. ಅದು ನೆರೆಯ ಭಾಷೆಯ ಒಂದು ಕಾದಂಬರಿಯನ್ನು ಕನ್ನಡಕ್ಕೆ ಬರಮಾಡಿಕೊಳ್ಳುವುದರಿಂದ ಆರಂಭವಾಗಬಹುದು.