ತಪ್ಪನ್ನು ತೋರಿಸುವ ಹೊತ್ತು

2014ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ಐಫೋನ್‌ಗಳಿಗೆ ತುರ್ತು ಅಪ್‌ಡೇಟ್ ಕಳಿಸಿತು. ಸುರಕ್ಷಿತ ಸಂಪರ್ಕದ ಕೋಡ್‌ನಲ್ಲಿ ‘ಗೋಟೂ ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಮೊದಲನೆಯದು ಮೇಲಿನ ಷರತ್ತಿಗೆ ಸೇರಿದ್ದು. ಎರಡನೆಯದಕ್ಕೆ ಯಾವ ಷರತ್ತೂ ಇಲ್ಲ. ಹೀಗಾಗಿ ಪ್ರೋಗ್ರಾಂ ಪ್ರತಿ ಸಲವೂ ಅಲ್ಲಿಂದಲೇ ಹೊರಗೆ ಜಿಗಿಯುತ್ತಿತ್ತು. ಸರ್ವರ್‌ನ ಸಹಿಯನ್ನು ತಾಳೆ ನೋಡುವ ಮುಂದಿನ ಕೆಲಸ ನಡೆಯುತ್ತಲೇ ಇರಲಿಲ್ಲ. ಅಷ್ಟರವರೆಗೆ ಯಾವ ದೋಷವೂ ದಾಖಲಾಗಿರದ ಕಾರಣ ‘ಎಲ್ಲ ಸರಿಯಿದೆ’ ಎಂಬ ಉತ್ತರವೇ ಬರುತ್ತಿತ್ತು. ಎರಡೂ ಸಾಲುಗಳು ಒಂದೇ ಅಂಚಿನಿಂದ ಶುರುವಾಗಿದ್ದರಿಂದ ಓದುವವರ ಕಣ್ಣಿಗೆ ಎರಡೂ ಷರತ್ತಿನೊಳಗೇ ಇರುವಂತೆ ಕಾಣುತ್ತವೆ. ಯಂತ್ರಕ್ಕೆ ಆ ಭ್ರಮೆಯಿಲ್ಲ. ಎಂದೂ ಓಡದ ಕೋಡ್ ಇದ್ದರೆ ಎಚ್ಚರಿಸುವ ಸೌಲಭ್ಯ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಆಗಲೇ ಇತ್ತು. ಆದರೆ ಅದನ್ನು ಪ್ರತ್ಯೇಕವಾಗಿ ಚಾಲೂ ಮಾಡಬೇಕಿತ್ತು.

ಅಂದರೆ ಸಾಧನ ಇದ್ದರೆ ಸಾಲದು. ಅದು ಯಾವಾಗ, ಯಾರ ಮುಂದೆ ಮಾತಾಡುತ್ತದೆ ಎಂಬುದೇ ಮುಖ್ಯ. ಕೋಡ್‌ನ ದೋಷ ಹುಡುಕುವ ‘ಲಿಂಟ್’ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು 1970ರ ದಶಕದಲ್ಲೇ. ಹೊಸದು, ಅದನ್ನು ಕಂಟಿನ್ಯೂಯಸ್ ಇಂಟಿಗ್ರೇಷನ್ ಪೈಪ್‌ಲೈನಿನಲ್ಲಿ ಕೂರಿಸಿದ್ದು. ಇಲ್ಲಿ ಪ್ರತಿಯೊಂದು ಬದಲಾವಣೆಯೂ ಮುಖ್ಯ ಕೋಡ್‌ಗೆ ಸೇರುವ ಮುನ್ನ ಸರ್ವರ್ ಅದನ್ನು ತಾನೇ ಕಟ್ಟಿ, ಪರೀಕ್ಷಿಸಿ, ದೋಷವಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಫೇಸ್‌ಬುಕ್‌ನ ‘ಇನ್ಫರ್’ ಸಾಧನದ ಅನುಭವ ನೋಡಿ. ರಾತ್ರಿಯೆಲ್ಲ ಓಡಿಸಿ, ದೋಷಗಳ ಪಟ್ಟಿಯನ್ನು ಎಂಜಿನಿಯರ್‌ಗಳ ಕೈಗಿಟ್ಟಾಗ ತಿದ್ದಿದವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ವಿಶ್ಲೇಷಣೆಯನ್ನು ಬದಲಾವಣೆ ಪರಿಶೀಲನೆಗೆ ಬಂದ ಹೊತ್ತಿನಲ್ಲೇ ತೋರಿಸಿದಾಗ ತಿದ್ದಿದ ಪ್ರಮಾಣ ಶೇ 70ನ್ನು ದಾಟಿತು. ಬರೆದ ತರ್ಕ ಆಗಿನ್ನೂ ತಲೆಯಲ್ಲಿ ಹಸಿಯಾಗಿರುತ್ತದೆ. ವಾರ ಕಳೆದರೆ ತನ್ನದೇ ಕೋಡ್ ಬೇರೆಯವರದ್ದರಂತೆ ಕಾಣುತ್ತದೆ.

ಸುಳ್ಳು ಎಚ್ಚರಿಕೆಗಳು ಬೇಸರ ತರಿಸುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಾಧನವನ್ನು ಹಳೆಯ ಕೋಡ್‌ ಮೇಲೆ ಒಮ್ಮೆಲೇ ಹರಿಯಬಿಟ್ಟರೆ ಸಾವಿರಾರು ದೂರುಗಳು ಸುರಿದು, ತಂಡ ಯಾವುದನ್ನೂ ಓದದ ಸ್ಥಿತಿಗೆ ಬರುತ್ತದೆ. ಆದ್ದರಿಂದ ಹೊಸದಾಗಿ ಬದಲಾದ ಸಾಲುಗಳನ್ನಷ್ಟೇ ತಪಾಸಿಸಬೇಕು, ಪದೇ ಪದೇ ತಿರಸ್ಕೃತವಾಗುವ ನಿಯಮವನ್ನು ಕಿತ್ತುಹಾಕಬೇಕು. ಗೂಗಲ್‌ನ ‘ಟ್ರೈಕಾರ್ಡರ್’ ವ್ಯವಸ್ಥೆ, ನಿರುಪಯೋಗಿ ಎಚ್ಚರಿಕೆಗಳು ಶೇ 10ರೊಳಗೇ ಇರಬೇಕೆಂಬ ಮಿತಿ ಹಾಕಿಕೊಂಡದ್ದು ಇದಕ್ಕೇ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಆಗಿನ ವಿಶ್ಲೇಷಕ ಸಾಧನಗಳ ಕಣ್ತಪ್ಪಿಸಿತ್ತು. ನಿಜ, ಯಂತ್ರ ಎಲ್ಲವನ್ನೂ ಹಿಡಿಯದು. ಆದರೆ ಅಂಚು, ಆವರಣಗಳನ್ನು ಅದು ನೋಡಿಕೊಂಡರೆ, ಎದುರಿನವರು ತಮ್ಮ ಸಂದೇಶಕ್ಕೆ ಹೇಳಿದ ಉದ್ದವನ್ನು ಪ್ರೋಗ್ರಾಂ ಏಕೆ ನಂಬಬೇಕು ಎಂದು ಕೇಳಲು ಪರಿಶೀಲಕರಿಗೆ ಬಿಡುವು ಸಿಗುತ್ತದೆ. ಹಾರ್ಟ್‌ಬ್ಲೀಡ್‌ನಲ್ಲಿ ಯಾರೂ ಕೇಳದೆ ಉಳಿದದ್ದು ಆ ಪ್ರಶ್ನೆಯೇ.

ಆಪಲ್‌ನ ಕೋಡ್‌ನಲ್ಲಿದ್ದಂಥ ಮೋಸಗೊಳಿಸುವ ಅಂಚನ್ನು ಗುರುತಿಸುವ ಎಚ್ಚರಿಕೆ 2016ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 6ನೇ ಆವೃತ್ತಿಯಲ್ಲಿ ಸೇರಿದೆ. ನಿಮ್ಮ ತಂಡದ ಪೈಪ್‌ಲೈನಿನಲ್ಲಿ ಅಂಥವು ಚಾಲೂ ಇವೆಯೇ, ಇವತ್ತೇ ನೋಡಿ.